ಒಕ್ಕಣ್ಣ ಶೂರರ ಊರು

ಕಾಫಿ ಬರುವ ಮೊದಲೇ ನಾಣಿ ಚೀಲದಿಂದ ಸರಂಜಾಮು ತೆಗೆದ. ಮಸಿ ಕುಪ್ಪಿ, ಅದ್ದಿ ಬರೆಯುವ ಜಿ ಪೆನ್, ಮೂರು ನಮೂನೆಯ ರಬ್ಬರು, ತಾನೇ ಚಿತ್ರ ಬರೆದ ಒಂದು ದಪ್ಪ ಪುಸ್ತಕ.

“ಇಷ್ಟಕ್ಕೂ ಎಷ್ಟಾಯಿತು?” ಎಂದ ವಿಶ್ವ.

“ಕಲೆಗೆ ಬೆಲೆ ಕಟ್ಟಬಾರದು.”

“ಅವನು ಕೇಳಿದ್ದು ರಬ್ಬರಿನ ಬೆಲೆ” ಎಂದರು ರಾಯರು.

ವಿಶ್ವ ಮೊದಲ ಪುಟ ತೆರೆದ. ಅದು ಕೊನೆಯ ಪುಟವಾಗಿತ್ತು. ಮಾಂಗಾವನ್ನು, ಅಂದರೆ ಜಪಾನಿನ ಚಿತ್ರಕಥೆಯನ್ನು, ಬಲದಿಂದ ಎಡಕ್ಕೆ ಓದಬೇಕು ಎಂದು ನಾಣಿ ಪುಸ್ತಕ ತಿರುಗಿಸಿಕೊಟ್ಟ.

“ಮಂಗನೇ? ನಮ್ಮಲ್ಲೂ ಇದೆಯಲ್ಲ, ಗಣಪತಿ ಮಾಡಲು ಹೋಗಿ...” ಎಂದು ಶೀನ ಶುರುಮಾಡಿದ. ಯಾರೂ ನಗಲಿಲ್ಲ. ನಾಣಿಗೆ ಈ ನಗೆಹನಿಯನ್ನು ಅವನ ಮನೆಯಲ್ಲೇ ನಾಲ್ಕು ಜನ ಹೇಳಿ ಮುಗಿಸಿದ್ದರು.

ರಾಯರು ಕನ್ನಡಕ ಏರಿಸಿ ಪುಟ ಮಗುಚತೊಡಗಿದರು. “ನಾಣಿ, ನಿನ್ನ ಊರಿನಲ್ಲಿ ವಾಮನ ದರ್ಭೆ ಹಿಡಿದುಕೊಂಡು ಮನೆಮನೆ ತಿರುಗಿದನೇ?”

“ಏಕೆ ರಾಯರೇ?”

“ಎಲ್ಲರೂ ಶುಕ್ರಾಚಾರ್ಯರೇ ಆಗಿದ್ದಾರೆ.”

ನಿಜ. ಶೂರ, ಖಳ, ಹುಡುಗಿ, ಹುಡುಗಿಯ ತಾಯಿ, ಎಲ್ಲರ ಒಂದು ಕಣ್ಣಿನ ಮೇಲೂ ಕೂದಲು ಇಳಿಬಿದ್ದಿತ್ತು.

“ಅದು ನಿಗೂಢತೆ.”

“ಎಡಗಣ್ಣು ಚೆನ್ನಾಗಿ ಬಂತು. ಬಲಗಣ್ಣು ಅದಕ್ಕೆ ಜೋಡಿಯಾಗಲಿಲ್ಲ. ನೀನು ಕೂದಲು ಎಳೆದುಬಿಟ್ಟೆ. ಇದರಲ್ಲಿ ನಿಗೂಢ ಏನಿದೆ? ಅದಿರಲಿ, ಇವರ ಕೈಗಳೆಲ್ಲಿ?”

“ಜೇಬಿನಲ್ಲಿ.”

“ಈ ಹುಡುಗಿಗೆ ಜೇಬಿಲ್ಲವಲ್ಲ.”

“ಹಿಂದೆ ಕಟ್ಟಿಕೊಂಡಿದ್ದಾಳೆ.”

“ಹೆಡ್‌ಮಾಸ್ತರರ ಮುಂದೆ ನಿಂತ ಹಾಗೆ. ಸರಿ, ಈ ಕತ್ತಿವರಸೆಯವನ ಎರಡು ಕೈಯೂ ಜೇಬಿನಲ್ಲಿವೆ. ಕತ್ತಿ ಹಿಡಿದವರು ಯಾರು?”

ನಾಣಿ ಸ್ವಲ್ಪ ಯೋಚಿಸಿದ. “ಅವನಿಗೆ ಸಿದ್ಧಿ ಇದೆ.”

ರಾಯರು ಆ ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿ ಹೋಟೆಲಿನ ಟ್ಯೂಬ್‌ಲೈಟಿಗೆ ಹಿಡಿದರು. ಬೆನ್ನಿನಿಂದ ನೋಡಿದಾಗ ಶೂರನ ಗದ್ದ ಒಂದು ಕಡೆಗೆ ಜಾರಿಹೋಗಿತ್ತು, ದವಡೆ ಹಲ್ಲು ಕೀಳಿಸಿಕೊಂಡು ಈಗಷ್ಟೇ ಬಂದವನ ಹಾಗೆ. ನಾಣಿಯ ಮುಖವೂ ಅದೇ ಕಡೆಗೆ ಜಾರಿತು.

“ನನಗೆ ಸಿಟ್ಟು ಜಪಾನಿನ ಮೇಲಲ್ಲ” ಎಂದರು ರಾಯರು. “ಅಲ್ಲಿನ ಚಿತ್ರಕಾರ ಹೊಕುಸಾಯಿ 1814ರಲ್ಲಿ ಮಾಂಗಾ ಎಂಬ ಹೆಸರಿಟ್ಟು ಮೊದಲ ಸಂಪುಟ ತಂದಾಗ ಅದರಲ್ಲಿ ಕಥೆಯೇ ಇರಲಿಲ್ಲ. ಜನ, ಹಕ್ಕಿ, ಮೀನು, ಗಿಡ, ಕಣ್ಣಿಗೆ ಬಿದ್ದದ್ದೆಲ್ಲ ಇತ್ತು. ಮಾಂಗಾ ಬರೆದು ಹೆಸರಾದ ತೆಜುಕಾ ಒಸಾಮು ವೈದ್ಯಕೀಯ ಓದಿದವನು. ಮೂಳೆ ಎಲ್ಲಿದೆ ಎಂದು ತಿಳಿದವನು ಅದನ್ನು ಬಿಟ್ಟು ಬರೆದರೆ ಶೈಲಿ. ತಿಳಿಯದವನು ಬಿಟ್ಟರೆ ಮುರಿತ. ನೀನು ಮೊಬೈಲಿನಲ್ಲಿ ಒಂದು ನಿಮಿಷದ ಪಾಠ ನೋಡುತ್ತೀಯೆ. ಒಂದು ಮೊಟ್ಟೆ ಬರೆಯಿರಿ, ಮೇಲೆ ಅಡ್ಡಗೆರೆ ಎಳೆಯಿರಿ, ಆಯಿತು, ರಾಜಕುಮಾರಿ! ನಡುವೆ ಆಕೆ ಹುಟ್ಟಿದ್ದು ಯಾವಾಗ?”

“ಮಾಂಗಾದ ಆ ದೊಡ್ಡ ಕಣ್ಣುಗಳನ್ನು ತೆಜುಕಾ ತಂದದ್ದು ಅಮೆರಿಕದ ಕಾರ್ಟೂನುಗಳಿಂದ” ಎಂದ ನಾಣಿ. “ಅವನು ತಂದರೆ ಕಲೆ, ನಾನು ತಂದರೆ ಕಳ್ಳತನವೇ?”

ರಾಯರು ಕಾಫಿ ಕುಡಿದರು. ಅಷ್ಟು ಹೊತ್ತು ಕುಡಿಯುವಷ್ಟು ಕಾಫಿ ಆ ಲೋಟದಲ್ಲಿರಲಿಲ್ಲ.

ಶೀನ ಮಾತ್ರ ಬಿಡುವಿಲ್ಲದೆ ಮಾತಾಡುತ್ತಲೇ ಇದ್ದ: ರಬ್ಬರಿನ ಬಗ್ಗೆ, ದರ್ಭೆಯ ಬಗ್ಗೆ, ತನ್ನ ಹಲ್ಲಿನ ಬಗ್ಗೆ. ನಾಣಿ ಅವನ ಕಡೆ ತಿರುಗಿ, “ಮಾಂಗಾದಲ್ಲಿ ಮೌನಕ್ಕೂ ಒಂದು ಸದ್ದಿದೆ, ಗೊತ್ತೇ? ಯಾರೂ ಮಾತಾಡದಿದ್ದರೆ ಚಿತ್ರದ ಮೇಲೆ ‘ಶೀನ್’ ಎಂದು ಬರೆಯುತ್ತಾರೆ” ಎಂದ.

“ಜಪಾನಿನವರು ನಮ್ಮ ಶೀನನನ್ನು ನೋಡಿಲ್ಲ” ಎಂದರು ರಾಯರು, ಲೋಟ ಇಳಿಸಿ. ಗೆದ್ದ ಹುರುಪಿನಲ್ಲಿ ಮುಂದುವರಿಸಿದರು: “ನಾವು ಚಿಕ್ಕವರಿದ್ದಾಗ ಯಾರ ನಕಲೂ ಮಾಡಲಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನಮರ, ಒಂದು ಹೊಳೆ. ಅದು ನಮ್ಮದೇ.”

“ನಿಮ್ಮ ಊರಿನಲ್ಲಿ ಗುಡ್ಡ ಇತ್ತೇ?” ಎಂದ ವಿಶ್ವ.

“ಇರಲಿಲ್ಲ. ಎರೆಹೊಲ.”

“ತೆಂಗು?”

“ಜಾಲಿ.”

“ಹೊಳೆ?”

“ಟ್ಯಾಂಕರು ಬರುತ್ತಿತ್ತು” ಎಂದರು ರಾಯರು, ಮೆಲ್ಲಗೆ. ಸ್ವಲ್ಪ ಹೊತ್ತಾದ ಮೇಲೆ ಸೇರಿಸಿದರು: “ಆದರೂ ದಿನವೂ ಬರೆಯುತ್ತಿದ್ದೆ.”

ಶೀನ ಪೆನ್ನು ಎತ್ತಿಕೊಂಡ. ಒಕ್ಕಣ್ಣ ಶೂರನ ಬೆನ್ನ ಹಿಂದೆ ಎರಡು ಗುಡ್ಡ ಎಳೆದ. ನಡುವೆ ಸೂರ್ಯ. ಸೂರ್ಯನಿಗೆ ಎರಡು ಕಣ್ಣು ಇಟ್ಟ. ಎರಡೂ ಒಂದೇ ಸಮ ಬಂದವು.

“ಅಣ್ಣ ಹೀಗೆ ಬರೆದುಕೊಡುತ್ತಿದ್ದ” ಎಂದವನು ಪೆನ್ನು ಹಿಡಿದೇ ಕುಳಿತ.

ಬಿಲ್ಲು ತಂದ ಮಾಣಿ ನಮ್ಮ ಮುಖ ನೋಡಿ, ಬಿಲ್ಲನ್ನು ಲೋಟದ ಕೆಳಗಿಟ್ಟು ಹೋದ. ನಾಣಿ ಶೀನನ ಕೈಯಿಂದ ಪೆನ್ನು ಬಿಡಿಸಿಕೊಂಡು, ಮಸಿಯಲ್ಲಿ ಅದ್ದಿ, ಗುಡ್ಡಗಳ ಮೇಲಿನ ಖಾಲಿ ಜಾಗದಲ್ಲಿ ದೊಡ್ಡದಾಗಿ ‘ಶೀನ್’ ಎಂದು ಬರೆದ.