ರಿಬ್ಬನ್ ಸ್ಪೀಕರ್ ಇಟ್ಟುಕೊಂಡವರು ಅನುಭವ ಹೇಳಿ

ರಾಜಾಜಿನಗರ_ಮಿಕ್ಸ್
ಭಾವಗೀತೆ, ಆಡಿಯೋಬುಕ್ ಮಿಕ್ಸ್ ಮಾಡುತ್ತೇನೆ. ರೂಮು 10 ಅಡಿಗೆ 11 ಅಡಿ. ಈಗಿರುವುದು 5 ಇಂಚಿನ ಸಾಫ್ಟ್ ಡೋಮ್ ಮಾನಿಟರ್, ಅಂದರೆ ಟ್ವೀಟರ್ (ತೀಕ್ಷ್ಣ ಶಬ್ದದ ಚಿಕ್ಕ ಸ್ಪೀಕರ್) ಮೆತ್ತನೆ ಗುಮ್ಮಟದ್ದು. ಸಂಜೆ ಹೊತ್ತಿಗೆ ಕಿವಿ ಸೋತುಹೋಗುತ್ತದೆ. ರಿಬ್ಬನ್ ಟ್ವೀಟರ್‌ನಲ್ಲಿ ಆ ಸುಸ್ತು ಇರಲ್ಲ ಅಂತಾರೆ. ರಾತ್ರಿ ಅದೇ ಜೋಡಿಯಲ್ಲಿ ಅಪ್ಪನಿಗೆ ವೀಣೆ ಕೇಳಿಸಬೇಕು. ಬಜೆಟ್ ಜೋಡಿಗೆ 80,000. ತಗೊಳ್ಳಲಾ, ಬೇಡವಾ?

ಫೇಡರ್_ಬಸವನಗುಡಿ
ಕಣ್ಣು ಮುಚ್ಚಿ ತಗೊಳ್ಳಿ. ನಾನು ಡಬ್ಬಿಂಗ್ ಕೆಲಸದವನು. ನನ್ನ ಹೊಟ್ಟೆಪಾಡೇ ಸ, ಶ, ಷ. ಡೋಮ್ ಮುಂದೆ ಕೂತಾಗ ಚುಚ್ಚುತ್ತಿರುವ ಶಕಾರ ಕಲಾವಿದರದ್ದಾ, ಟ್ವೀಟರ್‌ದಾ ಅಂತ ಗೊತ್ತಾಗುತ್ತಿರಲಿಲ್ಲ. ಈಗ ಡಿ-ಎಸ್ಸರ್ (ಚುಚ್ಚುವ ಸ, ಶ ತಗ್ಗಿಸುವ ಸಾಧನ) ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅನ್ನುವುದು ತಕ್ಷಣ ಕೇಳಿಸುತ್ತದೆ.

ಆದರೆ ಸ್ಪೀಕರ್ ಬೆಲೆ ಮಾತ್ರ ನೋಡಿ ಬಜೆಟ್ ಹಾಕಬೇಡಿ ಗುರು. ನನ್ನ ಲೆಕ್ಕ ಬರೆದಿಟ್ಟಿದ್ದೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಸ್ಟ್ಯಾಂಡ್ 6,500. ಒಳಗೆ ತುಂಬಲು ಮರಳು 400. ಗೋಡೆಯ ಪ್ರತಿಧ್ವನಿ ಹೀರಲು ರಾಕ್‌ವೂಲ್ 11,200. ಬಡಗಿಗೆ ಫ್ರೇಮ್ ಕೆಲಸ 14,000. ಮೇಲೆ ಹೊದಿಸಲು ಬಟ್ಟೆ 3,800. ಬಡಗಿ ಕಿಟಕಿ ಬಿಟ್ಟು ಅಳತೆ ತಗೊಂಡಿದ್ದ, ಎರಡು ಫ್ರೇಮ್ ಮತ್ತೆ ಕೊಯ್ಯಲು 2,600. ಬ್ಯಾಲೆನ್ಸ್ಡ್ ಕೇಬಲ್ 3,400. ಒಟ್ಟು 41,900, ಸ್ಪೀಕರ್ ಬಿಟ್ಟು. ಇಷ್ಟೆಲ್ಲ ಆದ ಮೇಲೆ ಒಬ್ಬ ನಿರ್ಮಾಪಕರು ಬಂದರು. "ಇದೇನ್ರೀ, ಹಾರ್ಮೋನಿಯಂ ತಿದಿ ಥರ ಇದೆ" ಅಂತ ನೇರವಾಗಿ ಟ್ವೀಟರ್ ಮಡಿಕೆಗೆ ಬೆರಳು ಇಟ್ಟರು. ಹೊಸ ಯೂನಿಟ್‌ಗೆ 9,800, ಅದು ಬರುವ ತನಕ ಹೆಡ್‌ಫೋನ್‌ನಲ್ಲೇ ಕೆಲಸ. ಅವರ ಬಿಲ್ ಇನ್ನೂ ಬಾಕಿ ಇದೆ, ಅದು ಬೇರೆ ಕಥೆ.

ಸೋಲ್ಡರ್_ಕುಡ್ಲ
ಮಾರಾಯ್ರೆ, ಮಡಿಕೆ ಇದ್ದರೆ ಅದು ರಿಬ್ಬನ್ನೇ ಅಲ್ಲ. ಅದು ಆಸ್ಕರ್ ಹೈಲ್ ಮಾಡಿದ ಏರ್ ಮೋಷನ್ ಟ್ರಾನ್ಸ್‌ಫಾರ್ಮರ್. 1970ರ ದಶಕದಲ್ಲಿ ಅಮೆರಿಕದ ಇಎಸ್‌ಎಸ್ ಕಂಪನಿ ಮಾರುಕಟ್ಟೆಗೆ ತಂದದ್ದು. ಪೊರೆಯನ್ನು ಮಡಿಕೆ ಮಡಿಕೆಯಾಗಿ ಮಡಚಿರುತ್ತಾರೆ, ಕರೆಂಟ್ ಹರಿದಾಗ ಮಡಿಕೆಗಳು ಗಾಳಿಯನ್ನು ಹಿಂಡಿ ಹೊರಗೆ ತಳ್ಳುತ್ತವೆ. ಬರ್ಲಿನ್ನಿನ ಆಡಮ್, ಈವ್, ಹೆಡ್ ಮೂರೂ ಕಂಪನಿ ಇದೇ ದಾರಿಯಲ್ಲಿವೆ. ಅಂಗಡಿಯವರು ಎಲ್ಲವನ್ನೂ ರಿಬ್ಬನ್ ಅಂತಲೇ ಮಾರುತ್ತಾರೆ.

ನಿಜವಾದ ರಿಬ್ಬನ್ನಿನಲ್ಲಿ ತೆಳು ಅಲ್ಯೂಮಿನಿಯಂ ಪಟ್ಟಿಯೇ ಕಾಯಿಲ್ (ತಂತಿ ಸುರುಳಿ), ಅದೇ ಡಯಾಫ್ರಂ (ಕಂಪಿಸುವ ಪೊರೆ). ಎರಡು ಮ್ಯಾಗ್ನೆಟ್ ನಡುವೆ ತೂಗುತ್ತದೆ, ಸಿಗ್ನಲ್ ಅದರ ಮೈಯಲ್ಲೇ ಹರಿಯುತ್ತದೆ. ಎಳೆದುಕೊಂಡು ಓಡಾಡುವ ಭಾರವೇ ಇಲ್ಲ. ಯಕ್ಷಗಾನದ ಚೆಂಡೆ ಪೆಟ್ಟು ಕೇಳಿ ನೋಡಿ. ಕೋಲು ಬಿದ್ದದ್ದು ಬೇರೆ, ಚರ್ಮ ಮೊಳಗಿದ್ದು ಬೇರೆ ಕೇಳುತ್ತದೆ.

ನಾನು ಕೈಯಾರೆ ಮಾಡಿದ್ದೇನೆ. ಎರಡು ಹಲ್ಲಿನ ಚಕ್ರದ ನಡುವೆ ಫಾಯಿಲ್ ಉರುಳಿಸಿ ಸುಕ್ಕು ಹಾಕಬೇಕು. ಕೈ ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಅಡುಗೆಮನೆ ಫಾಯಿಲ್ ದಪ್ಪ ಜಾಸ್ತಿ, ಹಳೇ ಕೆಪಾಸಿಟರ್ ಬಿಚ್ಚಿ ತೆಗೆದದ್ದು ಪರವಾಗಿಲ್ಲ. ನಿಯೋಡಿಮಿಯಂ ಮ್ಯಾಗ್ನೆಟ್ 7,200 ಆಯಿತು. ನಮ್ಮ ಕಡಲ ಗಾಳಿಗೆ, ಮೇಲಿನ ನಿಕಲ್ ಸ್ವಲ್ಪ ಕೆರೆದರೂ ಸಾಕು, ತುಕ್ಕು ಹಿಡಿದು ಪುಡಿ ಉದುರುತ್ತದೆ. ಆ ಪುಡಿ ಹೋಗಿ ಪಟ್ಟಿಗೇ ಅಂಟುತ್ತದೆ. ಎಪಾಕ್ಸಿ ಬಳಿದು ಮತ್ತೆ ಜೋಡಿಸಿದ್ದಾಯಿತು. ಪಟ್ಟಿಯ ರೆಸಿಸ್ಟೆನ್ಸ್ ಒಂದು ಓಮ್‌ನ ಪುಡಿಗಾಸು, ಓಮ್ ಹೊಂದಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಯಾವ ಆಂಪ್ (ಆಂಪ್ಲಿಫೈಯರ್) ಕೂಡ ಓಡಿಸುವುದಿಲ್ಲ. ಬಳೆಯಾಕಾರದ ಟೊರಾಯ್ಡ್ ಕೋರ್ ಮೇಲೆ ನಾನೇ ಸುತ್ತಿದೆ. ಸುತ್ತಿ, ಬಿಚ್ಚಿ, ಪುನಃ ಸುತ್ತಿ. ಟ್ರಾನ್ಸ್‌ಫಾರ್ಮರ್ ಇಲ್ಲದ್ದು ರಿಬ್ಬನ್ ಅಲ್ಲ, ಬರೆದಿಟ್ಟುಕೊಳ್ಳಿ.

ಫೇಡರ್_ಬಸವನಗುಡಿ
ಹೆಸರು ಏನಾದರೂ ಇಟ್ಟುಕೊಳ್ಳಿ ಸ್ವಾಮಿ. ನನಗೆ ನಾಳೆ ಬೆಳಗ್ಗೆ ಎಪಿಸೋಡ್ ಕೊಡಬೇಕು, ಹಲ್ಲಿನ ಚಕ್ರ ಉರುಳಿಸುತ್ತಾ ಕೂರೋಕಾಗಲ್ಲ.

ಪ್ಯಾನೆಲ್_ಮೈಸೂರು
ಟ್ರಾನ್ಸ್‌ಫಾರ್ಮರ್ ಇರಲೇಬೇಕು ಅನ್ನುವುದು ತಪ್ಪು. ಮ್ಯಾಗ್ನೆಪ್ಯಾನ್ ಕಂಪನಿಯ 3 ಸರಣಿ, 20 ಸರಣಿಯ ದೊಡ್ಡ ಪ್ಯಾನೆಲ್‌ಗಳಲ್ಲಿ (ಪೆಟ್ಟಿಗೆ ಇಲ್ಲದ ಚಪ್ಪಟೆ ಸ್ಪೀಕರ್) ರಿಬ್ಬನ್ ಟ್ವೀಟರ್ ಆಳುದ್ದ ಇದೆ. ಪಟ್ಟಿ ಉದ್ದ, ಅಗಲ ಕಮ್ಮಿ, ತೀರಾ ತೆಳು. ಹಾಗಾಗಿ ಅದಕ್ಕೇ ಸಾಕಷ್ಟು ಓಮ್ ಬರುತ್ತದೆ, ಆಂಪ್ ನೇರವಾಗಿ ಓಡಿಸುತ್ತದೆ. 1980ರ ದಶಕದ ಅಪೋಜಿ ಸಿಂಟಿಲ್ಲಾ ರಿಬ್ಬನ್ ಸ್ಪೀಕರ್ 1 ಓಮ್ ಇತ್ತು, ಆ ಕಾಲದ ಎಷ್ಟೋ ಆಂಪ್‌ಗಳು ಅದರ ಮುಂದೆ ಕೈಚೆಲ್ಲಿದವು. ರಿಬ್ಬನ್ ಅಲ್ಲ ಅಂತ ಅದನ್ನೂ ತೆಗೆದುಹಾಕುತ್ತೀರಾ?

ನಾನು ನ್ಯೂಜೆರ್ಸಿಯಿಂದ ವಾಪಸ್ ಬರುವಾಗ ಸೋಫಾ ಬಿಟ್ಟು ಬಂದೆ, ಪ್ಯಾನೆಲ್ ಬಿಡಲಿಲ್ಲ. ಮರದ ಪೆಟ್ಟಿಗೆಗೆ 38,000. ಕಂಟೇನರ್‌ನಲ್ಲಿ ಜಾಗಕ್ಕೆ, ಬಂದರಿನ ಖರ್ಚಿಗೆ ಸೇರಿ 64,000. "ನಿಲ್ಲಿಸಿಯೇ ಇಡಿ" ಅಂತ ಎರಡು ಭಾಷೆಯಲ್ಲಿ ಬರೆದಿದ್ದೆ. ಸಾಗಿಸುವವರು ಮಲಗಿಸಿ, ಮೇಲೆ ಯಾರದ್ದೋ ಟ್ರೆಡ್‌ಮಿಲ್ ಇಟ್ಟಿದ್ದರು. ಒಂದು ಬದಿಯ ಪಟ್ಟಿ ಸಡಿಲವಾಗಿ ಅಂಚಿಗೆ ತಾಗಿ ಕಿರಕಿರ. ವಿಮೆಯವರು "ಹೊರಗೆ ಪೆಟ್ಟು ಕಾಣಲ್ಲ" ಅಂತ ಕೈತೊಳೆದುಕೊಂಡರು. ಹೊಸ ಪಟ್ಟಿ ತರಿಸಿ, ಮಗಳ ಹುಬ್ಬಿನ ಚಿಮುಟ ಹಿಡಿದು ನಾನೇ ಕೂರಿಸಿದೆ. ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು. ಆಮೇಲೆ ಅಮೆರಿಕದ ಆಂಪ್‌ಗೆ 120 ವೋಲ್ಟ್ ಬೇಕಲ್ಲ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ 9,500. ಅದು ಗುಂಯ್ ಅನ್ನುತ್ತದೆ ಅಂತ ಪಕ್ಕದ ರೂಮಿಗೆ ಸಾಗಿಸಿ, ಗೋಡೆ ಕೊರೆಸಲು 1,200.

ಬೇಜಾರಿಲ್ಲ. ಗಂಗೂಬಾಯಿ ಹಾನಗಲ್ ಅವರ ಹಳೇ ಧ್ವನಿಮುದ್ರಿಕೆ ಹಾಕಿದರೆ ಹಿಂದಿನ ತಂಬೂರಿ ಕೋಣೆಯಲ್ಲೇ ಮೀಟಿದ ಹಾಗಿರುತ್ತದೆ. ಪ್ಯಾನೆಲ್ ಹಿಂದಕ್ಕೂ ಅಷ್ಟೇ ಶಬ್ದ ಬಿಡುತ್ತದೆ, ಅದಕ್ಕೇ ಹಿಂದಿನ ಗೋಡೆಯಿಂದ ಮೂರು ನಾಲ್ಕು ಅಡಿ ಬಿಡಲೇಬೇಕು. ಹಾಲ್ ಇಲ್ಲದವರು ಈ ಮಾತಿಗೆ ಬರಲೇಬಾರದು.

ಪೇಪರ್‌ಕೋನ್
ಅಂದರೆ ಕೇಳಿದವರ ರೂಮಿನ ಸುಮಾರು ಮೂರನೇ ಒಂದು ಭಾಗ ಸ್ಪೀಕರ್ ಹಿಂದೆ ಖಾಲಿ ಬಿಡಬೇಕು. ಭೇಷ್.

ನಾನು ಉದ್ದ ರಿಬ್ಬನ್ ಇದ್ದ ಮಾನಿಟರ್ ಇಟ್ಟುಕೊಂಡು, 22,000 ನಷ್ಟಕ್ಕೆ ಮಾರಿದವನು. ಪಟ್ಟಿ ಉದ್ದವಿದ್ದಷ್ಟೂ ಹೈಸ್ (ತೀಕ್ಷ್ಣ ಶಬ್ದ) ಮೇಲೆ ಕೆಳಗೆ ಹರಡುವುದು ಕಮ್ಮಿ. ನಾನು ಕೂತಾಗ ತಾಳ ಸ್ಪಷ್ಟ, ಗಾಯಕರು ಕುರ್ಚಿ ಹಿಂದೆ ನಿಂತರೆ ಅವರಿಗೆ ಮಂಕು. "ತಾಳ ಜಾಸ್ತಿ ಮಾಡಿ" ಅಂತಾರೆ. ಮಾಡಿದರೆ ನನ್ನ ಕಿವಿ ಕೊಯ್ಯುತ್ತದೆ. ಒಂದು ಆಲ್ಬಂ ಪೂರ್ತಿ ಇದೇ ಜಗಳ. ಅಡ್ಡಕ್ಕೆ ಮಾತ್ರ ಚೆನ್ನಾಗಿ ಹರಡುತ್ತದೆ, ಅದು 10 ಅಡಿ ರೂಮಿನಲ್ಲಿ ಪಕ್ಕದ ಗೋಡೆಗೆ ಹೊಡೆದು ವಾಪಸ್ ಬರುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆ ಸ್ಪೀಕರ್‌ನಲ್ಲಿ ಎಲ್ಲವೂ ಸುಖವಾಗಿ ಕೇಳುತ್ತದೆ. ಸುಖವಾಗಿದೆ ಅಂತ ಶಕಾರ ಹಾಗೇ ಬಿಟ್ಟರೆ, ಆಟೋ ಸ್ಪೀಕರ್‌ನಲ್ಲಿ ಜನ ಬೈತಾರೆ. ಯಮಹಾ ಎನ್‌ಎಸ್-10 ಸ್ಪೀಕರ್ ಮೂಲತಃ ಮನೆಗೆ ಅಂತ ಮಾಡಿದ್ದು. ಹೈಸ್ ಕರ್ಕಶ ಅಂತ ಟ್ವೀಟರ್ ಮೇಲೆ ಟಿಶ್ಯೂ ಅಂಟಿಸಿ ಲೋಕದ ಸ್ಟುಡಿಯೋಗಳೆಲ್ಲ ಅದರಲ್ಲೇ ಕೆಲಸ ಮಾಡಿದವು. 2001ರ ತನಕ ತಯಾರಾಗುತ್ತಿತ್ತು. ಅದರಲ್ಲಿ ಚೆನ್ನಾಗಿ ಕೇಳಿದರೆ ಎಲ್ಲ ಕಡೆ ಕೇಳುತ್ತದೆ.

ಫೇಡರ್_ಬಸವನಗುಡಿ
ಉದ್ದ ಪಟ್ಟಿಯ ತೊಂದರೆಯನ್ನು ಎರಡು ಇಂಚಿನ ಮಡಿಕೆ ಟ್ವೀಟರ್ ತಲೆಗೆ ಕಟ್ಟಬೇಡಿ. ಶಕಾರ ಬಿಟ್ಟದ್ದು ಸ್ಪೀಕರ್ ತಪ್ಪಾ? ನನ್ನ ಒಂದೇ ಒಂದು ಎಪಿಸೋಡ್ ಚಾನೆಲ್‌ನಿಂದ ವಾಪಸ್ ಬಂದಿಲ್ಲ.

ಪೇಪರ್‌ಕೋನ್
ಸೀರಿಯಲ್ ಡಬ್ಬಿಂಗ್‌ನಲ್ಲಿ ವಾಪಸ್ ಬರುವಷ್ಟು ಯಾರು ಕೇಳುತ್ತಾರೆ ಬಿಡಿ.

ಫೇಡರ್_ಬಸವನಗುಡಿ
ಸೀರಿಯಲ್ ಅಂದರೆ ಅಷ್ಟು ಸಸಾರನಾ? ನಿಮ್ಮ ಆಲ್ಬಂ ಎಷ್ಟು ಜನ ಕೇಳಿದರು, ಅದನ್ನೂ ಹೇಳಿಬಿಡಿ.

ರಾಜಾಜಿನಗರ_ಮಿಕ್ಸ್
ಸಾರ್, ಕಿವಿ ಸುಸ್ತಿನ ವಿಷಯ?

ಪೇಪರ್‌ಕೋನ್
ವಾಲ್ಯೂಮ್ ಇಳಿಸಿ. ಬಿಟ್ಟಿ ಉಪಾಯ.

ಪ್ಯಾನೆಲ್_ಮೈಸೂರು
ಪ್ಯಾನೆಲ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಜೀವ ಹೋಗುತ್ತದೆ. ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಬರುವ ಶಬ್ದ) ಕಮ್ಮಿ, 4 ಓಮ್, ಕರೆಂಟ್ ಕೊಡುವ ಆಂಪ್ ಬೇಕು. ಮೊದಲ ತಿಂಗಳು ಬಿಗಿಯಾಗಿತ್ತು, ಓಡಿ ಓಡಿ ಬಿಚ್ಚಿಕೊಂಡಿತು.

ಸೋಲ್ಡರ್_ಕುಡ್ಲ
ಬಿಚ್ಚಿಕೊಂಡದ್ದು ನಿಮ್ಮ ಕಿವಿ. ಅಳತೆ ತೆಗೆದಿದ್ದೀರಾ? ಮೊದಲ ದಿನದ ಗ್ರಾಫ್, ತಿಂಗಳ ಮೇಲಿನ ಗ್ರಾಫ್, ಎರಡೂ ಹಾಕಿ.

ಪ್ಯಾನೆಲ್_ಮೈಸೂರು
ಹಾಕುತ್ತೇನೆ. ಅದಕ್ಕೂ ಮೊದಲು, ಟ್ರಾನ್ಸ್‌ಫಾರ್ಮರ್ ಇಲ್ಲದ್ದು ರಿಬ್ಬನ್ ಅಲ್ಲ ಅಂದಿರಲ್ಲ, ಅದನ್ನು ವಾಪಸ್ ತಗೊಳ್ಳಿ.

ಸೋಲ್ಡರ್_ಕುಡ್ಲ
ಆಳುದ್ದದ್ದಕ್ಕೆ ಬೇಡ, ಸರಿ. ಮೇಜಿನ ಮೇಲೆ ಇಡುವ ಗಿಡ್ಡ ಪಟ್ಟಿಗೆ ಬೇಕು. ಕೇಳಿದವರು ಮೇಜಿಗೆ ಕೇಳಿದ್ದು, ಹಾಲ್‌ಗಲ್ಲ.

ಫೇಡರ್_ಬಸವನಗುಡಿ
ರಾಜಾಜಿನಗರದವರೇ, ಭಾನುವಾರ ನನ್ನ ರೂಮಿಗೆ ಬನ್ನಿ, ನಿಮ್ಮದೇ ಮಿಕ್ಸ್ ತನ್ನಿ, ಅಪ್ಪನನ್ನೂ ಕರೆತನ್ನಿ. ಟ್ವೀಟರ್ ಮಾತ್ರ ಮುಟ್ಟುವ ಹಾಗಿಲ್ಲ.

ಪೇಪರ್‌ಕೋನ್
ಹೋಗಿ. ಕುರ್ಚಿಯಿಂದ ಎದ್ದು ನಿಂತೂ ಕೇಳಿ.