ಊರಿನ ಆಟದ ವಿಡಿಯೋಗೆ ಕಾಪಿರೈಟ್ ಕ್ಲೈಮ್ ಬಂದಿದೆ, ಪದ್ಯ ಯಾರ ಸ್ವತ್ತು?

ಕುಮಟಾ_ಮಾಣಿ
ಎಲ್ಲರಿಗೂ ನಮಸ್ಕಾರ. ನಮ್ಮೂರ ದೇವಸ್ಥಾನದ ವರ್ಧಂತಿಗೆ ಯಕ್ಷಗಾನ ಆಟ ಇಟ್ಟಿದ್ದೆವು. ಕಾಲಮಿತಿ ಆಟ (ರಾತ್ರಿಯಿಡೀ ಅಲ್ಲ, ಕೆಲವೇ ಗಂಟೆ), ಟಿಕೆಟ್ ಇಲ್ಲ. ಹಿಮ್ಮೇಳ (ಪದ್ಯ ಹಾಡುವ ಭಾಗವತರು, ಮದ್ದಳೆ, ಚಂಡೆಯವರು) ಹೊರಗಿನಿಂದ ಬಂದದ್ದು, ಮುಮ್ಮೇಳದಲ್ಲಿ, ಅಂದರೆ ವೇಷದವರಲ್ಲಿ, ಮುಕ್ಕಾಲು ಪಾಲು ಊರಿನ ಹವ್ಯಾಸಿಗಳು, ಇಬ್ಬರು ಅತಿಥಿ ಕಲಾವಿದರು. ಬೆಂಗಳೂರು, ಮುಂಬೈಯಲ್ಲಿರುವ ಊರವರು ನೋಡಲಿ ಅಂತ ಟ್ರೈಪಾಡ್ ಇಟ್ಟು ಪೂರ್ತಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದೆ. ಬೆಳಗಾಗುವುದರೊಳಗೆ ಒಂದು ಆಡಿಯೋ ಕಂಪನಿಯಿಂದ ಕಾಪಿರೈಟ್ ಕ್ಲೈಮ್! ಜಾಹೀರಾತಿನ ದುಡ್ಡು ಬಂದರೆ ಅವರಿಗೆ ಹೋಗುತ್ತದಂತೆ. ಆಡಿದ್ದು ರಾಮಾಯಣದ ಪಂಚವಟಿ ಪ್ರಸಂಗ. ಹಳೇ ಕಾಲದ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳು. ಇದರಲ್ಲಿ ಆ ಕಂಪನಿಯವರ ಗಂಟು ಏನಿದೆ? ಕಮಿಟಿಯವರು "ಸುಮ್ನೆ ಡಿಲೀಟ್ ಮಾಡು ಮಾರಾಯಾ, ರಗಳೆ ಬೇಡ" ಅನ್ನುತ್ತಿದ್ದಾರೆ. ಗೊತ್ತಿದ್ದವರು ಹೇಳಿ.

ಕಾರವಾರ_ಕೋರ್ಟ್_ರಸ್ತೆ
ಡಿಲೀಟ್ ಮಾಡಬೇಡಿ. ಕ್ಲೈಮ್ ಬೇರೆ, ಸ್ಟ್ರೈಕ್ (ವಿಡಿಯೋ ತೆಗೆಸಿ ಚಾನೆಲ್‌ಗೆ ಕೊಡುವ ಎಚ್ಚರಿಕೆ) ಬೇರೆ. ಕ್ಲೈಮ್ ಬಂದರೆ ಚಾನೆಲ್‌ಗೆ ಅಪಾಯ ಇಲ್ಲ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುತ್ತದೆ. ನಿಮ್ಮದು ಸಾಫ್ಟ್‌ವೇರ್ ತಾನಾಗಿ ಹಿಡಿದ ಕ್ಲೈಮ್ ಇರಬೇಕು. ಯೂಟ್ಯೂಬ್ ಸ್ಟುಡಿಯೋ ತೆರೆದು ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಅಂತ ತೋರಿಸುತ್ತದೆ. ಅದನ್ನು ನೋಡದೆ ಜಗಳಕ್ಕೆ ಹೋಗಬೇಡಿ.

ಪದ್ಯದ ಮಾತು ಹೇಳುವುದಾದರೆ, ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಆ ಕೃತಿ ಎಲ್ಲರದ್ದು. ಪಾರ್ತಿಸುಬ್ಬನ ಮೇಲೆ ಯಾರಿಗೂ ಹಕ್ಕಿಲ್ಲ. ಮೋಹನ, ಭೈರವಿ ರಾಗಗಳೂ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಹೊಸ ಪ್ರಸಂಗಗಳಿಗೆ ಈ ಮಾತು ನಡೆಯುವುದಿಲ್ಲ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಹಾಗಾಗಿ ಅವರು ಬರೆದ ಪ್ರಸಂಗಗಳ ಹಕ್ಕು 2050ರ ಕೊನೆಯವರೆಗೆ ಇರುತ್ತದೆ. ನಮ್ಮ ಕಡೆ ಎಷ್ಟು ಕಮಿಟಿಯವರು ಇದನ್ನು ಕೇಳಿ ಆಡಿಸುತ್ತಾರೋ ದೇವರಿಗೇ ಗೊತ್ತು.

ಯಕ್ಷಗಾನದ ಕೇಸ್ ಸುಪ್ರೀಂ ಕೋರ್ಟಿಗೇ ಹೋಗಿತ್ತು, ನೆನಪಿದೆಯಾ? ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳದ್ದು. ಕಾರಂತರ ವಿಲ್ ಹಿಡಿದು ಮಾಲಿನಿ ಮಲ್ಯರು ಮಣಿಪಾಲದ ಅಕಾಡೆಮಿ ವಿರುದ್ಧ ಕೇಸ್ ಹಾಕಿದ್ದರು. 2009ರ ಜನವರಿಯಲ್ಲಿ ತೀರ್ಪು ಬಂತು. ಆ ಬ್ಯಾಲೆ ನಾಟಕಕೃತಿ, ಹಕ್ಕು ವಿಲ್ ಪ್ರಕಾರ ಮಲ್ಯರದ್ದು ಅಂತ ಕೋರ್ಟ್ ಹೇಳಿತು. ಅದರ ಜೊತೆಗೇ, ಶಾಲೆಯೊಳಗೆ ವಿದ್ಯಾರ್ಥಿ ಶಿಕ್ಷಕರು ಆಡುವುದು, ಹವ್ಯಾಸಿ ಸಂಘ ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡುವುದು, ಇಂಥದ್ದಕ್ಕೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಇರುವ ವಿನಾಯಿತಿಗೆ ಅಕಾಡೆಮಿ ಮೇಲಿನ ತಡೆಯಾಜ್ಞೆ ಅಡ್ಡ ಬರುವುದಿಲ್ಲ ಅಂತಲೂ ಹೇಳಿತು. ನಿಮ್ಮ ಬಯಲಾಟಕ್ಕೆ ಹತ್ತಿರವಾದದ್ದು ಅದು. ಆದರೆ ಆ ವಿನಾಯಿತಿ ಆಡುವುದಕ್ಕೆ ಮಾತ್ರ, ಯೂಟ್ಯೂಬಿಗೆ ಏರಿಸುವುದಕ್ಕೆ ಅಲ್ಲ.

ಕುಮಟಾ_ಮಾಣಿ
ನೋಡಿದೆ. ಕ್ಲೈಮ್ ಇರುವುದು ಶುರುವಿನ ಐದಾರು ನಿಮಿಷಕ್ಕೆ ಮಾತ್ರ. ಆಗ ಆಟ ಶುರುವೇ ಆಗಿರಲಿಲ್ಲ. ಮೈಕ್ ಸೆಟ್ಟಿನವನು ಯಾವುದೋ ಹಳೇ ಕ್ಯಾಸೆಟ್ಟಿನ ಭಾಗವತರ ಪದ್ಯ ಹಾಕಿದ್ದ, ಜನ ಕುರ್ಚಿ ಎಳೆಯುವ ಸದ್ದಿನ ಮಧ್ಯೆಯೂ ಅದನ್ನು ಹಿಡಿದಿದೆ, ಮೆಚ್ಚಬೇಕು! ಪಂಚವಟಿಯ ಒಂದು ಪದ್ಯಕ್ಕೂ ಕ್ಲೈಮ್ ಇಲ್ಲ. ಆದರೆ ದೇವಸ್ಥಾನದಲ್ಲಿ ಹಾಡು ಹಾಕಲಿಕ್ಕೆ ಲೈಸೆನ್ಸ್ ಬೇಡ ಅಂತ ಸರ್ಕಾರವೇ ಹೇಳಿದೆಯಲ್ವಾ?

ಕಾರವಾರ_ಕೋರ್ಟ್_ರಸ್ತೆ
ಅಂದಾಜು ಮಾಡಿದ್ದೆ. ಧಾರ್ಮಿಕ ಸಮಾರಂಭಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಮದುವೆ ಮೆರವಣಿಗೆಯೂ ಅದರಲ್ಲೇ ಬರುತ್ತದೆ. 2023ರ ಜುಲೈನಲ್ಲಿ ಕೇಂದ್ರವೂ ಮದುವೆಗೆ ಲೈಸೆನ್ಸ್ ಕೇಳಬೇಡಿ ಅಂತ ನೋಟಿಸ್ ಹೊರಡಿಸಿತು. ಪಕ್ಕದ ಗೋವಾ ಸರ್ಕಾರ 2024ರ ಜನವರಿಯಲ್ಲಿ ತನ್ನದೂ ಒಂದು ಸುತ್ತೋಲೆ ಬಿಟ್ಟಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನು ರದ್ದು ಮಾಡಿತು. ಕಾಯ್ದೆಯಲ್ಲಿ ಇರುವುದಕ್ಕಿಂತ ಜಾಸ್ತಿ ವಿನಾಯಿತಿಯನ್ನು ಸುತ್ತೋಲೆಯಲ್ಲಿ ಕೊಡಲಿಕ್ಕೆ ಬರುವುದಿಲ್ಲ ಅಂತ. ಗಡಿಯಾಚೆ ಹೋಟೆಲಿನಲ್ಲಿ ಮದುವೆ ಇಟ್ಟುಕೊಂಡ ಕಾರವಾರದವರಿಗೆ ಈ ತಲೆನೋವು ಚೆನ್ನಾಗಿ ಗೊತ್ತು.

ನಿಮ್ಮ ವಿಷಯಕ್ಕೆ ಬಂದರೆ, ದೇವಸ್ಥಾನದ ಅಂಗಳದಲ್ಲಿ ಹಾಡು ಹಾಕಿದ್ದಕ್ಕೆ ಯಾರೂ ಕೇಳಲಿಕ್ಕಿಲ್ಲ. ಅದೇ ಹಾಡು ನಿಮ್ಮ ವಿಡಿಯೋದಲ್ಲಿ ಸೇರಿ ಇಂಟರ್ನೆಟ್ಟಿಗೆ ಹೋದಾಗ ವಿನಾಯಿತಿ ಜೊತೆಗೆ ಬರುವುದಿಲ್ಲ. ಪದ್ಯ ಹಳೆಯದಾದರೂ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ, ಪ್ರಕಟವಾದ ಮೇಲೆ 60 ವರ್ಷ. ಆ ಐದು ನಿಮಿಷ ಟ್ರಿಮ್ ಮಾಡಿ, ಕ್ಲೈಮ್ ಬಿದ್ದು ಹೋಗುತ್ತದೆ. ವಿಡಿಯೋ ತೆಗೆದು ಮತ್ತೆ ಹಾಕುವುದೂ ಬೇಡ.

ಚೌಕಿಮನೆ
ಕಂಪನಿಯ ಹಕ್ಕು, ಬರೆದವರ ಹಕ್ಕು ಎಲ್ಲ ಮಾತಾಡಿದಿರಿ. ಕುಣಿದವರನ್ನು ಒಬ್ಬರೂ ಕೇಳಲಿಲ್ಲ. ನಾನು ವೇಷ ಮಾಡುವವನು, ಹೆಸರು ಬೇಡ. ಹೋದ ಸೀಸನ್ನಿನಲ್ಲಿ ಒಂದು ಕಡೆ ಶೂರ್ಪನಖಿ ಮಾಡಿದ್ದೆ. ಲಕ್ಷ್ಮಣನ ಹತ್ತಿರ ಮಾತಾಡುವಾಗ ಆ ಹೊತ್ತಿಗೆ ಬಾಯಿಗೆ ಬಂದ ಒಂದು ಹಾಸ್ಯ ಹೇಳಿದೆ, ಜನ ನಕ್ಕರು. ಯಾರೋ ಅದನ್ನು ಮಾತ್ರ ಕತ್ತರಿಸಿ, ಹಿಂದೆ ಸಿನಿಮಾ ಹಾಡು ಸೇರಿಸಿ, ರೀಲ್ಸ್ ಮಾಡಿ ಬಿಟ್ಟರು. ಲಕ್ಷಗಟ್ಟಲೆ ಜನ ನೋಡಿದರು. ಕಿವಿ ಮೂಗು ಕೊಯ್ಯುವ ಸನ್ನಿವೇಶದಲ್ಲಿ ನಾನು ಏನು ಮಾಡಿದೆ ಅಂತ ಒಬ್ಬನೂ ನೋಡಿಲ್ಲ, ಈಗ ಎಲ್ಲಿ ಹೋದರೂ ಆ ಹಾಸ್ಯವನ್ನೇ ಹೇಳಿ ಅನ್ನುತ್ತಾರೆ. ಲೈವ್ ಹಾಕಿದರೆ ಟಿಕೆಟ್ ಕೊಟ್ಟು ಟೆಂಟಿಗೆ ಯಾರು ಬರುತ್ತಾರೆ ಹೇಳಿ? ಮೇಳದ ಯಜಮಾನರು ಟಿಕೆಟ್ ಆಗಲಿಲ್ಲ ಅಂತ ಸಂಬಳದ ಮಾತು ಬಂದಾಗ ಮುಖ ತಿರುಗಿಸುತ್ತಾರೆ.

ಕಾರವಾರ_ಕೋರ್ಟ್_ರಸ್ತೆ
ಇದು ನಿಜವಾದ ಪ್ರಶ್ನೆ. 2012ರ ತಿದ್ದುಪಡಿಯಿಂದ ಕಲಾವಿದರ ಹಕ್ಕು ಗಟ್ಟಿಯಾಗಿದೆ. ನಿಮ್ಮ ಪ್ರದರ್ಶನವನ್ನು ರೆಕಾರ್ಡ್ ಮಾಡಿ ಜನರಿಗೆ ತಲುಪಿಸಲಿಕ್ಕೆ ನಿಮ್ಮ ಒಪ್ಪಿಗೆ ಬೇಕು, 50 ವರ್ಷದವರೆಗೆ. ಹೆಸರು ಹೇಳಿಸಿಕೊಳ್ಳುವ ಹಕ್ಕು ಇದೆ, ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಹಕ್ಕೂ ಇದೆ. ವೀಳ್ಯ (ಸಂಭಾವನೆ) ತೆಗೆದುಕೊಂಡ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗೆ ಆಗುವುದಿಲ್ಲ.

ನಿಮ್ಮ ಅರ್ಥದ, ಅಂದರೆ ರಂಗದಲ್ಲಿ ಆಗಲೇ ಹೊಳೆದು ಆಡುವ ಮಾತಿನ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಕೋರ್ಟ್ ತೀರ್ಪು ಅಂತ ತಿಳಿಯಬೇಡಿ. ಪದ್ಯ ಪಾರ್ತಿಸುಬ್ಬನದ್ದಿರಬಹುದು, ಅರ್ಥ ನೀವು ಅಲ್ಲೇ ಹುಟ್ಟಿಸಿದ್ದು. ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕು ಮಾತಾಡಿದವರದ್ದು ಅಂತ ಕಾಯ್ದೆಯ ಸೆಕ್ಷನ್ 17ರಲ್ಲಿದೆ. ರೆಕಾರ್ಡ್ ಆದ ಅರ್ಥಗಾರಿಕೆಗೂ ಅದನ್ನು ಹಚ್ಚಿ ವಾದ ಮಾಡಬಹುದು. ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಲೆಗಂತೂ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಶಿರಸಿ_ಯಲ್ಲಾಪುರ_ನಾಕಾ
ಮಧ್ಯದಲ್ಲಿ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇಷ್ಟೆಲ್ಲ ಹಕ್ಕು ಹಕ್ಕು ಅಂದರೆ ಊರಿನ ಹುಡುಗರು ಕ್ಯಾಮೆರಾ ಎತ್ತುವುದನ್ನೇ ಬಿಡುತ್ತಾರೆ. ಇವತ್ತು ಹಳೇ ಭಾಗವತರ ಪದ್ಯ ನಾವು ಕೇಳುತ್ತಿದ್ದರೆ ಅದು ಯಾರೋ ಟೇಪ್ ರೆಕಾರ್ಡರ್ ಹಿಡಿದು ರಂಗಸ್ಥಳದ ಬದಿಗೆ ಕೂತಿದ್ದರಿಂದ, ಯಾರ ಒಪ್ಪಿಗೆ ಪತ್ರ ಇತ್ತು ಅಲ್ಲಿ?

ನನಗೆ ಹೆದರಿಕೆ ಇರುವುದು ಬೇರೆ ಕಡೆ. ತೀರಿಕೊಂಡ ಭಾಗವತರ ಸ್ವರವನ್ನು ಎಐನಲ್ಲಿ ಮಾಡಿ ಅವರು ಎಂದೂ ಹೇಳದ ಪದ್ಯ ಹೇಳಿಸಿದರೆ? ಅದಕ್ಕೆ ಕಾನೂನು ಇದೆಯಾ?

ಕಾರವಾರ_ಕೋರ್ಟ್_ರಸ್ತೆ
ಬದುಕಿದ್ದವರಿಗೆ ಇದೆ. ಬಾಂಬೆ ಹೈಕೋರ್ಟ್ 2024ರಲ್ಲಿ ಅರಿಜಿತ್ ಸಿಂಗ್‌ಗೆ, 2025ರಲ್ಲಿ ಆಶಾ ಭೋಸ್ಲೆಗೆ ಸ್ವರ ನಕಲಿನ ವಿರುದ್ಧ ತಡೆ ಕೊಟ್ಟಿದೆ. ತೀರಿಕೊಂಡವರ ಮಾತು ಬಂದರೆ ಕಷ್ಟ. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಅಂಥ ಹಕ್ಕು ಮನುಷ್ಯನ ಜೊತೆಗೇ ಹೋಗುತ್ತದೆ ಅಂತ ಹೇಳಿತು. ಹಳೇ ಧ್ವನಿಮುದ್ರಣ ಬಳಸಿ ಎಐಗೆ ಕಲಿಸಿದ್ದರೆ ಆ ಮುದ್ರಣದ ಹಕ್ಕುದಾರರು ಕೇಳಬಹುದು, ಅಂದರೆ ತಿರುಗಿ ಅದೇ ಆಡಿಯೋ ಕಂಪನಿ! ಮನೆಯವರಿಗೆ ಏನೂ ಸಿಗಲಿಕ್ಕಿಲ್ಲ.

ಎಐಗೆ ಕಲಿಸುವುದೇ ಕಾಪಿರೈಟ್ ಉಲ್ಲಂಘನೆಯಾ ಅನ್ನುವ ಜಗಳ ಸುದ್ದಿಸಂಸ್ಥೆ ಎಎನ್ಐ ಮತ್ತು ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಮಧ್ಯೆ ದೆಹಲಿ ಹೈಕೋರ್ಟಿನಲ್ಲಿ 2024ರ ನವೆಂಬರಿನಲ್ಲಿ ಶುರುವಾಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರದ ಸಮಿತಿಯೊಂದು ಸಲಹೆ ಕೊಟ್ಟಿತು: ಕಂಪನಿಗಳು ಯಾರನ್ನೂ ಕೇಳದೆ ಬಳಸಲಿ, ಬೇಡ ಅನ್ನುವ ಅವಕಾಶ ಹಕ್ಕುದಾರರಿಗೆ ಇಲ್ಲ, ಆದರೆ ರಾಯಲ್ಟಿ ಕಟ್ಟಲಿ, ಒಂದು ಕೇಂದ್ರ ಸಂಸ್ಥೆ ಅದನ್ನು ಹಂಚಲಿ ಅಂತ. ಸಿನಿಮಾ ಸಂಗೀತದವರಿಗೆ ಸರಿ. ಗುಣವಂತೆಯಲ್ಲಿ ಕೂತ ಮದ್ದಳೆಗಾರರಿಗೆ ಅದು ಯಾವ ದಾರಿಯಲ್ಲಿ ಬಂದು ತಲುಪುತ್ತದೆ? ನನಗಂತೂ ಆ ದಾರಿ ಕಾಣುತ್ತಿಲ್ಲ.

ಕುಮಟಾ_ಮಾಣಿ
ಟ್ರಿಮ್ ಮಾಡಿದೆ, ಕ್ಲೈಮ್ ಹೋಯಿತು. ಹಿಮ್ಮೇಳದವರಿಗೂ ಇಬ್ಬರು ಅತಿಥಿಗಳಿಗೂ ವಾಟ್ಸಾಪಿನಲ್ಲಿ ಕೇಳಿದ್ದೇನೆ. ಒಬ್ಬರು ಹಾಕಿ, ತುಂಡು ಮಾಡಬೇಡಿ ಅಂದರು. ಇನ್ನೊಬ್ಬರು ಉತ್ತರ ಕೊಡುವವರೆಗೆ ವಿಡಿಯೋ ಪ್ರೈವೇಟ್ ಇಟ್ಟಿದ್ದೇನೆ. ಮುಂದಿನ ವರ್ಷ ವೀಳ್ಯ ಕೊಡುವಾಗಲೇ ಒಂದು ಸಾಲು ಬರೆಸಿಕೊಳ್ಳೋಣ ಅಂತ ಕಮಿಟಿಗೆ ಹೇಳಿದೆ, ಖಜಾಂಚಿ "ಹಾಗೆ ಕೇಳಿದರೆ ಜಾಸ್ತಿ ದುಡ್ಡು ಕೇಳುತ್ತಾರೆ" ಅಂತ ಗೊಣಗಿದರು.

ಚೌಕಿಮನೆ
ಕೇಳಲಿ ಬಿಡಿ, ಕೊಡಿ. ಮತ್ತೆ ವಿಡಿಯೋದ ಕೆಳಗೆ ಹೆಸರು ಹಾಕುವಾಗ ಮದ್ದಳೆ, ಚಂಡೆಯವರನ್ನೂ ಹಾಕಿ. ಬಣ್ಣ ಹಾಕಿದವರ ಹೆಸರೂ ಬರಲಿ. ಭಾಗವತರದ್ದು, ಮುಖ್ಯ ವೇಷದವರದ್ದು ಎಲ್ಲರೂ ಹಾಕುತ್ತಾರೆ.