ಶನಿವಾರ-ಭಾನುವಾರ ಫ್ಲೈಟ್ ಇನ್‌ಸ್ಟ್ರಕ್ಟರ್ ಕೆಲಸ: ಚೇತುಗೆ ಉತ್ತರ

ಚೇತು, ನಿನ್ನ ಮೆಸೇಜು ನೋಡಿದೆ ಕಣೋ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಉದ್ದ ಆಗುತ್ತೆ, ಬಿಡುವಾದಾಗ ಕೇಳು. ಗ್ರೂಪಲ್ಲಿರೋ ಮಿಕ್ಕವರಿಗೂ ಅರ್ಥ ಆಗ್ಲಿ ಅಂತ ವಿಷಯ ಹೇಳಿಬಿಡ್ತೀನಿ: ಚೇತುಗೆ ಅಮೆರಿಕದಲ್ಲಿ ಸಿಎಫ್ಐ ಬಂದಿದೆ, ಅಂದ್ರೆ ವಿಮಾನ ಹಾರಿಸೋದನ್ನ ಕಲಿಸೋ ಸರ್ಟಿಫಿಕೇಟು. ಸೋಮವಾರದಿಂದ ಶುಕ್ರವಾರ ಆಫೀಸು. ರಜಾ ದಿನ ಕಲಿಸೋಣ ಅಂತ ಹತ್ತಿರದ ಫ್ಲೈಟ್ ಸ್ಕೂಲುಗಳಿಗೆಲ್ಲ ರೆಸ್ಯೂಮೆ ಕಳಿಸಿದಾನೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ಪಾರ್ಟ್ ಟೈಮ್ ಕೆಲಸ ಹೇಗೆ ಹುಡುಕೋದು ಅಂತ ಕೇಳ್ತಿದಾನೆ.

ನಿನಗೆ ಗ್ರೀನ್ ಕಾರ್ಡ್ ಇದೆ, ಆ ತಕರಾರಿಲ್ಲ. ಆದ್ರೆ ಗ್ರೂಪಲ್ಲಿರೋ ಬೇರೆ ಹುಡುಗರೂ ಇದೇ ಯೋಚನೆ ಮಾಡ್ತಿದ್ರೆ ಅವರಿಗೊಂದು ಮಾತು. ಎಚ್-1ಬಿ ವೀಸಾ ಇರೋದು ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ. ದುಡ್ಡು ತಗೊಂಡು ಕಲಿಸಿದ್ರೆ ಅದು ಅನುಮತಿ ಇಲ್ಲದ ಕೆಲಸ. ಕಾಂಟ್ರ್ಯಾಕ್ಟರ್ ಲೆಕ್ಕದಲ್ಲಿ 1099 ಅನ್ನೋ ತೆರಿಗೆ ಫಾರಂ ತಗೊಂಡ್ರೂ ಅಷ್ಟೇ, ಕ್ಯಾಶ್ ತಗೊಂಡ್ರೂ ಅಷ್ಟೇ. ಒಂದೇ ಒಂದು ಪಾಠ ಹೇಳಿಕೊಡೋಕೆ ಮುಂಚೆ ವಕೀಲರನ್ನ ಕೇಳ್ಬೇಕು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಉತ್ತರ ಯಾಕೆ ಬಂದಿಲ್ಲ ಗೊತ್ತಾ? ಸ್ಕೂಲ್ ನಡೆಸೋರ ಜಾಗದಲ್ಲಿ ನಿಂತು ನೋಡು. ಹೊಸಬ ವಾರಕ್ಕೆ ಎರಡು ಮೂರು ಸಲ ಹಾರಿದ್ರೇನೇ ಕಲಿತಿದ್ದು ಕೈಯಲ್ಲಿ ನಿಲ್ಲೋದು. ವಾರಕ್ಕೊಂದೇ ಸಲ ಬಂದ್ರೆ ಪ್ರತಿ ಪಾಠದ ಮೊದಲ ಅರ್ಧ ಗಂಟೆ ಹಿಂದಿನ ವಾರದ್ದನ್ನೇ ತಿರುಗಿ ಹೇಳೋದಾಗುತ್ತೆ. ಇನ್ನು ಶನಿವಾರ-ಭಾನುವಾರ ಅವರಿಗೆ ಕೊರತೆ ಇರೋದು ಇನ್‌ಸ್ಟ್ರಕ್ಟರಿಗಲ್ಲ, ವಿಮಾನಕ್ಕೆ. ಇರೋ ನಾಲ್ಕೈದು ವಿಮಾನ ಮೊದಲೇ ಬುಕ್ ಆಗಿರುತ್ತೆ. ಅಂಥದ್ರಲ್ಲಿ ನೀನು "ವೀಕೆಂಡ್ ಫ್ರೀ ಇದೀನಿ" ಅಂತ ಬರೆದ್ರೆ, ಇವನು ಮನಸ್ಸಾದಾಗ ಬರ್ತಾನೆ, ಲಾಗ್‌ಬುಕ್ಕಿಗೆ ಗಂಟೆ ಸೇರಿಸ್ಕೊಂಡು ಏರ್‌ಲೈನಿಗೆ ಹೋಗ್ತಾನೆ ಅಂತ ಪಕ್ಕಕ್ಕಿಡ್ತಾರೆ.

ಹಾಗಾಗಿ ನೀನು ಕೊಡ್ಬೇಕಾಗಿರೋದು ಗಟ್ಟಿ ವೇಳಾಪಟ್ಟಿ. ಶನಿವಾರ ಬೆಳಿಗ್ಗೆ 7ರಿಂದ 1, ಮಂಗಳವಾರ ಗುರುವಾರ ಸಂಜೆ 6ರಿಂದ 8:30, ಮುಂದಿನ ಒಂದು ವರ್ಷ ಇದು ಬದಲಾಗಲ್ಲ ಅಂತ. ಆ ಸಂಜೆ ಹೊತ್ತೇ ನಿನ್ನ ನಿಜವಾದ ಬಂಡವಾಳ. ಏರ್‌ಲೈನ್ ಕಡೆ ಹೊರಟಿರೋ ಚಿಕ್ಕ ಹುಡುಗರು ಬೆಳಿಗ್ಗೆಯಿಂದ ಹಾರಿ ಹಾರಿ ಸಂಜೆಗೆ ಸುಸ್ತಾಗಿರ್ತಾರೆ. ಅದೂ ಅಲ್ದೆ ಎಫ್ಎಎ, ಅಂದ್ರೆ ಅಮೆರಿಕದ ವಿಮಾನಯಾನ ಇಲಾಖೆಯ ನಿಯಮದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಯಾವುದೇ 24 ಗಂಟೆಯಲ್ಲಿ 8 ಗಂಟೆಗಿಂತ ಜಾಸ್ತಿ ವಿಮಾನದಲ್ಲಿ ಕಲಿಸೋ ಹಾಗಿಲ್ಲ. ಆಫೀಸ್ ಮುಗಿಸ್ಕೊಂಡು ಬರೋ ಶಿಷ್ಯರನ್ನ ಯಾರಿಗೆ ಕೊಡೋದು ಅನ್ನೋದು ಸ್ಕೂಲಿನ ತಲೆನೋವು. ಅಲ್ಲಿ ನಿನಗೆ ಜಾಗ ಇದೆ.

ಮತ್ತೆ, ಇಮೇಲ್ ಬಿಡು, ಎದ್ದು ಹೋಗು. ಶನಿವಾರ ಹೋಗ್ಬೇಡ, ಅವತ್ತು ಯಾರಿಗೂ ತಲೆ ಎತ್ತೋಕೆ ಪುರುಸೊತ್ತಿರಲ್ಲ. ಮೋಡ ಕೆಳಗಿಳಿದು ವಿಮಾನ ಎಲ್ಲ ನೆಲದ ಮೇಲೇ ನಿಂತಿರೋ ದಿನ ಮಧ್ಯಾಹ್ನ ಹೋಗು. ಅವತ್ತು ಚೀಫ್ ಇನ್‌ಸ್ಟ್ರಕ್ಟರೂ ಇರ್ತಾರೆ, ವಿಮಾನ ಬುಕ್ ಮಾಡೋ ಡಿಸ್ಪ್ಯಾಚ್ ಕೌಂಟರಲ್ಲಿ ಕೂತಿರೋರೂ ಮಾತಿಗೆ ಸಿಗ್ತಾರೆ. ಆ ಕೌಂಟರಿನವರನ್ನ ಕಡೆಗಣಿಸ್ಬೇಡ. ಹೊಸ ಶಿಷ್ಯ ಫೋನ್ ಮಾಡಿದಾಗ ಯಾರ ಹೆಸರು ಹೇಳ್ಬೇಕು ಅಂತ ತೀರ್ಮಾನ ಮಾಡೋರು ಅವರೇ.

ಎಲ್ಲಿಗೆ ಹೋಗೋದು ಅಂದ್ರೆ, ಎಫ್ಎಎ ನಿಯಮದ ಪಾರ್ಟ್ 141 ಅನ್ನೋ ಭಾಗದಡಿ ನಡೆಯೋ ಸ್ಕೂಲುಗಳನ್ನ ಕೊನೆಗಿಟ್ಕೋ. ಅಲ್ಲಿ ಎಫ್ಎಎ ಒಪ್ಪಿದ ಪಠ್ಯಕ್ರಮ ಇರುತ್ತೆ. ಪ್ರತಿ ಇನ್‌ಸ್ಟ್ರಕ್ಟರನ್ನ ಚೀಫ್ ಇನ್‌ಸ್ಟ್ರಕ್ಟರ್ ಕಡೆಯವರು ಮೊದಲು ಹಾರಿಸಿ ಪರೀಕ್ಷೆ ಮಾಡ್ಬೇಕು, ಆಮೇಲೆ 12 ತಿಂಗಳಿಗೊಂದು ಸಲ ಮತ್ತೆ ಮಾಡ್ಬೇಕು. ವಾರಕ್ಕೆ ಹನ್ನೊಂದು ಗಂಟೆ ಬರೋನಿಗೆ ಅಷ್ಟು ಖರ್ಚು ಮಾಡೋಕೆ ಸುಮಾರು ಸ್ಕೂಲಿಗೆ ಮನಸ್ಸಿರಲ್ಲ. ಇಷ್ಟು ಕಟ್ಟುಪಾಡಿಲ್ಲದ ಪಾರ್ಟ್ 61ರಲ್ಲಿ ನಡೆಯೋ ಸಣ್ಣ ಸ್ಕೂಲುಗಳು, ಫ್ಲೈಯಿಂಗ್ ಕ್ಲಬ್ಬುಗಳು ನಿನಗೆ ಸರಿ. ಕ್ಲಬ್ಬಲ್ಲಿ ಒಪ್ಪಿಗೆ ಪಡೆದ ಇನ್‌ಸ್ಟ್ರಕ್ಟರ್‌ಗಳ ಪಟ್ಟಿ ಇರುತ್ತೆ, ಅದರಲ್ಲಿ ಹೆಸರು ಸೇರ್ಬೇಕು. ಸದಸ್ಯರು ಹೆಚ್ಚಾಗಿ ನಿನ್ನ ಹಾಗೇ ಕೆಲಸದಲ್ಲಿರೋರು, ಅವರಿಗೂ ಶನಿವಾರವೇ ಬೇಕು. ಪೈಲಟ್‌ಗಳ ಸಂಘ ಎಒಪಿಎ ಜಾಲತಾಣದಲ್ಲಿ ಕ್ಲಬ್ ಹುಡುಕೋ ಸೌಲಭ್ಯ ಇದೆ. ವಿಮಾನಪ್ರಿಯರ ಸಂಘ ಇಎಎಯ ಸ್ಥಳೀಯ ಚಾಪ್ಟರಿನ ತಿಂಗಳ ಸಭೆಗೂ ಹೋಗು, ಸ್ವಂತ ವಿಮಾನ ಇರೋರು ಅಲ್ಲಿ ಸಿಗ್ತಾರೆ. ಇನ್ನೊಂದು ಜಾಗ ಯಾರೂ ಹೇಳಲ್ಲ: ವಿಮಾನ ರಿಪೇರಿ ಮಾಡೋ ಶಾಪು. ಊರಲ್ಲಿ ಯಾರು ಹೊಸದಾಗಿ ವಿಮಾನ ಕೊಂಡ್ರು, ಯಾರು ವರ್ಷದಿಂದ ಹಾರೇ ಇಲ್ಲ ಅನ್ನೋದು ಮೊದಲು ಗೊತ್ತಾಗೋದು ಮೆಕ್ಯಾನಿಕ್‌ಗೆ.

ಆ ಎರಡು ಥರದವರೇ ಪಾರ್ಟ್ ಟೈಮ್‌ನವನಿಗೆ ಒಳ್ಳೇ ಶಿಷ್ಯರು ಕಣೋ. ಮೊದಲ ದಿನದಿಂದ ಪ್ರೈವೇಟ್ ಪೈಲಟ್ ಆಗೋ ತನಕ ಒಬ್ಬನೇ ಕಲಿಸ್ತೀನಿ ಅಂತ ಹಠ ಹಿಡೀಬೇಡ. ಆಗಲೇ ಸರ್ಟಿಫಿಕೇಟ್ ಇರೋರ ಕೆಲಸ ಹಿಡಿ. ಹಾರಿಸೋ ಕೈ ಸರಿಯಾಗಿದೆಯಾ ಅಂತ ನೋಡೋ ಫ್ಲೈಟ್ ರಿವ್ಯೂ ತಗೋ: ಪ್ರತಿ ಪೈಲಟ್‌ಗೂ 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ಬೇಕು, ಕನಿಷ್ಠ 1 ಗಂಟೆ ನೆಲದ ಪಾಠ, 1 ಗಂಟೆ ಹಾರಾಟ. ಒಂದು ಬೆಳಿಗ್ಗೇಲಿ ಮುಗಿಯುತ್ತೆ. ಅವನು ಸರಿಯಾಗಿ ಹಾರಿಸಲಿಲ್ಲ ಅಂದ್ರೆ ಫೇಲ್ ಅಂತ ಬರೆಯೋ ಪದ್ಧತಿ ಇಲ್ಲ, ಕೊಟ್ಟ ತರಬೇತಿಯನ್ನ ಲಾಗ್‌ಬುಕ್ಕಲ್ಲಿ ಹಾಕಿ, ರಿವ್ಯೂ ಸಹಿ ಮಾತ್ರ ಮುಂದಕ್ಕಿಡು. ಪರಿಚಯದವರು ಅಂತ ದಾಕ್ಷಿಣ್ಯಕ್ಕೆ ಸಹಿ ಹಾಕ್ಬೇಡ.

ಇನ್ನೂ ಒಳ್ಳೇದು, ಹೊರಗೆ ಕಾಣದಿದ್ರೂ ಮೀಟರ್ ನೋಡ್ಕೊಂಡೇ ಹಾರಿಸೋ ಇನ್‌ಸ್ಟ್ರುಮೆಂಟ್ ರೇಟಿಂಗ್ ಕಲಿಸೋದು. ಅದಕ್ಕೆ ನಿನಗೆ ಸಿಎಫ್ಐಐ, ಅಂದ್ರೆ ಅದನ್ನ ಕಲಿಸೋ ಸರ್ಟಿಫಿಕೇಟು, ಬೇಕು, ಇಲ್ಲದಿದ್ರೆ ಕೆಲಸ ಹುಡುಕೋದಕ್ಕಿಂತ ಮುಂಚೆ ಅದನ್ನ ಮುಗಿಸು. ಯಾಕೆ ಅಂದ್ರೆ ಆ ರೇಟಿಂಗಿಗೆ ಬೇಕಾದ 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯದಲ್ಲಿ, ಪಾರ್ಟ್ 61ರ ಪ್ರಕಾರ, 20 ಗಂಟೆ ತನಕ ಎಎಟಿಡಿ ಅನ್ನೋ ಸಿಮ್ಯುಲೇಟರಲ್ಲಿ ಮಾಡ್ಬಹುದು. ಬೇಸಿಕ್ ಯಂತ್ರ ಆದ್ರೆ 10 ಗಂಟೆ. ಸಿಮ್ಯುಲೇಟರಿಗೆ ಮಳೆ ಇಲ್ಲ, ಗಾಳಿ ಇಲ್ಲ, ಕತ್ತಲಿಲ್ಲ. ಮಂಗಳವಾರ ಸಂಜೆ 6 ಗಂಟೆ ಅಂದ್ರೆ 6 ಗಂಟೆಯೇ. ವಿಮಾನ ಖಾಲಿ ಇಲ್ಲ ಅನ್ನೋ ಮಾತೂ ಬರಲ್ಲ. ಸ್ಕೂಲಿಗೆ ಹೋದಾಗ ನಿಮ್ಮ ಎಎಟಿಡಿ ಸಂಜೆ ಹೊತ್ತು ಸುಮ್ನೆ ಕೂತಿರುತ್ತಾ, ನಾನು ಅದನ್ನ ತುಂಬಿಸ್ತೀನಿ ಅಂತ ಕೇಳು. ಯಜಮಾನರ ಮುಖ ಅಲ್ಲೇ ಬದಲಾಗುತ್ತೆ.

ಹೊಸಬರನ್ನ ತಗೊಳ್ಳಲೇಬೇಕು ಅಂದ್ರೆ ಇನ್ನೊಬ್ಬ ಪಾರ್ಟ್ ಟೈಮ್‌ನವರ ಜೊತೆ ಹಂಚ್ಕೋ. ಒಂದೇ ಸಿಲಬಸ್, ಒಂದೇ ಪಾಠದ ಹಾಳೆ, ಪ್ರತಿ ಪಾಠ ಆದ ಮೇಲೆ ಅದೇ ದಿನ ಎರಡು ಸಾಲು: ಏನು ಬಂತು, ಏನು ಬರಲಿಲ್ಲ, ಮುಂದಿನ ಸಲ ಎಲ್ಲಿಂದ. ಇದು ಇಲ್ಲದಿದ್ರೆ ನೀನು ಫೈನಲ್‌ಗೆ (ಇಳಿಯೋಕೆ ಮುಂಚಿನ ಕೊನೇ ಹಾದೀಲಿ) ವೇಗ 65 ನಾಟ್ ಅಂತೀಯ, ಅವರು 70 ಅಂತಾರೆ, ಮಧ್ಯೆ ಶಿಷ್ಯ ಒದ್ದಾಡ್ತಾನೆ. ಎರಡರಲ್ಲಿ ಯಾವುದು ಅನ್ನೋದನ್ನ ಆ ವಿಮಾನದ ಹ್ಯಾಂಡ್‌ಬುಕ್ ನೋಡಿ ಇಬ್ಬರೂ ಮೊದಲೇ ಒಪ್ಕೊಂಡುಬಿಡಿ. ಸೋಲೋ, ಅಂದ್ರೆ ಶಿಷ್ಯ ಒಬ್ಬನೇ ಹಾರೋ ವಿಷಯದಲ್ಲಂತೂ ಇನ್ನೂ ಹುಷಾರು. ಸೋಲೋ ಎಂಡೋರ್ಸ್‌ಮೆಂಟು (ನೀನು ಲಾಗ್‌ಬುಕ್ಕಲ್ಲಿ ಹಾಕೋ ಒಪ್ಪಿಗೆ ಸಹಿ) ಬಾಳೋದು 90 ದಿನ. ನೀನು ಆಫೀಸ್ ಮೀಟಿಂಗಲ್ಲಿರೋ ಬುಧವಾರ ಅವನು ಒಬ್ಬನೇ ಹೋಗ್ತಾನೆ ಅಂತಿಟ್ಕೋ, ಗಾಳಿ ಎಷ್ಟಿದೆ ಅಂತ ನೋಡಿ ಬೇಡ ಅನ್ನೋರು ಯಾರು? ಗಾಳಿ, ಅಡ್ಡಗಾಳಿ, ಮೋಡದ ಎತ್ತರ ಇವುಗಳ ಮಿತಿಯನ್ನ ಎಂಡೋರ್ಸ್‌ಮೆಂಟಲ್ಲೇ ಬರಿ. ನಿನ್ನನ್ನೋ ಜೊತೆಯವರನ್ನೋ ಕೇಳದೆ ಇಂಜಿನ್ ಸ್ಟಾರ್ಟ್ ಮಾಡ್ಬಾರದು ಅಂತ ಮೊದಲ ದಿನವೇ ಹೇಳು.

ಈಗ ಇನ್ಶೂರೆನ್ಸು. ಇದನ್ನ ಎರಡು ಸಲ ಕೇಳಿಸ್ಕೋ. ವಿಮಾನದ ಒಡೆಯರು "ನಮ್ಮ ಪಾಲಿಸೀಲಿ ನೀವೂ ಬರ್ತೀರ" ಅಂತಾರೆ. ಅವರ ಅರ್ಥ ಏನಂದ್ರೆ, ನೀನು ಕೂತಿದ್ದಾಗ ಅಪಘಾತ ಆದ್ರೂ ಅವರ ವಿಮಾನಕ್ಕೆ ದುಡ್ಡು ಬರುತ್ತೆ ಅಂತ. ಆಮೇಲೆ ಅದೇ ಇನ್ಶೂರೆನ್ಸ್ ಕಂಪನಿ, ತಪ್ಪು ಇನ್‌ಸ್ಟ್ರಕ್ಟರದ್ದು ಅಂತ ಆ ದುಡ್ಡನ್ನ ನಿನ್ನಿಂದ ವಸೂಲಿ ಮಾಡೋಕೆ ಬರ್ಬಹುದು. ಇದಕ್ಕೆ ಸಬ್ರೊಗೇಷನ್ ಅಂತಾರೆ. ನಿನ್ನ ಹೆಸರು ಅಡಿಷನಲ್ ಇನ್ಶೂರ್ಡ್ (ಪಾಲಿಸಿಯ ರಕ್ಷಣೆ ಸಿಗೋ ಇನ್ನೊಬ್ಬ) ಅಂತ ಸೇರಿದೆಯಾ, ಸಬ್ರೊಗೇಷನ್ ವೇವರ್, ಅಂದ್ರೆ ಹಾಗೆ ವಸೂಲಿ ಮಾಡಲ್ಲ ಅನ್ನೋ ಒಪ್ಪಿಗೆ, ಇದೆಯಾ, ಈ ಎರಡನ್ನೂ ಕಾಗದದ ಮೇಲೆ ನೋಡು, ಬಾಯಿಮಾತು ನಂಬ್ಬೇಡ. ಜೊತೆಗೆ, ಪಾಲಿಸೀಲಿ ಹೆಸರಿಲ್ಲದೋರು ಯಾರು ಹಾರಿಸಬಹುದು ಅಂತ ಹೇಳೋ ಓಪನ್ ಪೈಲಟ್ ಅನ್ನೋ ಷರತ್ತು ಓದು: ಒಟ್ಟು ಇಷ್ಟು ಗಂಟೆ, ಇದೇ ಮಾದರಿಯಲ್ಲಿ ಇಷ್ಟು ಗಂಟೆ ಅಂತಿರುತ್ತೆ. ಅದರಲ್ಲಿ ಒಂದು ಗಂಟೆ ಕಮ್ಮಿ ಇದ್ರೂ, ಹೆಸರು ಸೇರಿಸೋ ತನಕ ಹತ್ತಬೇಡ. ಇದೆಲ್ಲ ಇದ್ರೂ ನಿನ್ನದೇ ಒಂದು ಬೇರೆಯವರ ವಿಮಾನದಲ್ಲಿ ಕಲಿಸೋರಿಗೆ ಅಂತಿರೋ ನಾನ್-ಓನ್ಡ್ ಸಿಎಫ್ಐ ಪಾಲಿಸಿ ಇರ್ಲಿ. ಮನೆ, ಉಳಿತಾಯ ಇರೋನು ನೀನು, ಹೊಸ ಹುಡುಗರಿಗಿಂತ ನಿನಗೆ ಇದು ಜಾಸ್ತಿ ಬೇಕು.

ಒಡೆಯರ ಸ್ವಂತ ವಿಮಾನದಲ್ಲಿ ಅವರಿಗೇ ಕಲಿಸಿದ್ರೆ 100 ಗಂಟೆ ಹಾರಾಟಕ್ಕೊಂದು ಸಲದ ಇನ್‌ಸ್ಪೆಕ್ಷನ್ ಬೇಕಿಲ್ಲ, ಆನ್ಯುಅಲ್, ಅಂದ್ರೆ ವರ್ಷಕ್ಕೊಂದು ತಪಾಸಣೆ, ಇದ್ರೆ ಸಾಕು. ವಿಮಾನ ನೀನೇ ಒದಗಿಸಿ ದುಡ್ಡು ತಗೊಂಡು ಕಲಿಸಿದ್ರೆ 100 ಗಂಟೆಯದೂ ಬೇಕೇ ಬೇಕು. ಸ್ವತಂತ್ರವಾಗಿ ಕಲಿಸೋ ಹಾಗಿದ್ರೆ ಏರ್‌ಪೋರ್ಟ್ ಕಚೇರೀಲಿ ಮಿನಿಮಮ್ ಸ್ಟ್ಯಾಂಡರ್ಡ್ಸ್ (ಅಲ್ಲಿ ವ್ಯವಹಾರ ಮಾಡೋರಿಗೆ ಇಟ್ಟ ನಿಯಮ) ಕೇಳಿ ಓದು, ಕೆಲವು ಕಡೆ ಪರ್ಮಿಟ್ ಇಲ್ಲದೆ ಅಲ್ಲಿ ವ್ಯವಹಾರ ಮಾಡೋ ಹಾಗಿಲ್ಲ.

ನಮ್ಮವರು ಯಾರಾದ್ರೂ "ನನಗೂ ಕಲಿಸೋ" ಅಂತ ಖಂಡಿತ ಕೇಳ್ತಾರೆ, ಅದಕ್ಕೇ ಟಿಎಸ್ಎ, ಅಂದ್ರೆ ಅಮೆರಿಕದ ಸಾರಿಗೆ ಭದ್ರತಾ ಇಲಾಖೆಯ ವಿಷಯ ಬಿಡಿಸಿ ಹೇಳ್ತೀನಿ. ಅಮೆರಿಕದ ನಾಗರಿಕರಾದ್ರೆ ಪಾಸ್‌ಪೋರ್ಟ್ ಅಥವಾ ಜನನ ಪತ್ರ ಮತ್ತು ಫೋಟೋ ಐಡಿ ನೋಡಿ ಲಾಗ್‌ಬುಕ್ಕಲ್ಲಿ ಎಂಡೋರ್ಸ್‌ಮೆಂಟ್ ಬರಿ. ನಾಗರಿಕರಲ್ಲದಿದ್ರೆ, ಗ್ರೀನ್ ಕಾರ್ಡಿನವರೂ ಸೇರಿ, ಪ್ರೈವೇಟ್, ಇನ್‌ಸ್ಟ್ರುಮೆಂಟ್, ಮಲ್ಟಿ ಇಂಜಿನ್ ಈ ತರಬೇತಿಗಳಿಗೆ ಟಿಎಸ್ಎ ಪೋರ್ಟಲಲ್ಲಿ ಅರ್ಜಿ ಹಾಕಿ ಒಪ್ಪಿಗೆ ಬಂದ ಮೇಲೇ ಶುರು. ಸ್ವತಂತ್ರ ಇನ್‌ಸ್ಟ್ರಕ್ಟರಾದ್ರೆ ನೀನೂ ಅಲ್ಲಿ ನೋಂದಾಯಿಸ್ಬೇಕು. ಈ ದಾಖಲೆ 5 ವರ್ಷ ಇಡು. ಸೋಲೋಗೆ, ಪರೀಕ್ಷೆಗಳಿಗೆ ಕೊಟ್ಟ ಸಹಿಗಳ ದಾಖಲೆ ಬೇರೆ, ಅದು ಎಫ್ಎಎ ಲೆಕ್ಕ, 3 ವರ್ಷ. ನೆಂಟರು ಅಂತ ಇದರಲ್ಲಿ ಒಂದು ದಿನವೂ ಸಡಿಲ ಬಿಡ್ಬೇಡ.

ನಿನ್ನ ಸರ್ಟಿಫಿಕೇಟ್ ಬಗ್ಗೆ: 2024ರ ಡಿಸೆಂಬರ್ 1ರಿಂದ ಹೊಸದಾಗಿ ಕೊಡೋ ಸಿಎಫ್ಐ ಮೇಲೆ ಮುಗಿಯೋ ತಾರೀಕು ಇರಲ್ಲ. ಹಾಗಂತ ಸುಮ್ನೆ ಇರೋಕಾಗಲ್ಲ, ಪ್ರತಿ 24 ಕ್ಯಾಲೆಂಡರ್ ತಿಂಗಳಿಗೆ ಅನುಭವ ತೋರಿಸ್ಬೇಕು. 5 ಜನರನ್ನ ಪರೀಕ್ಷೆಗೆ ಕಳಿಸಿ ಕನಿಷ್ಠ 80% ಮೊದಲ ಸಲವೇ ಪಾಸಾಗೋ ದಾರಿ ಪಾರ್ಟ್ ಟೈಮ್‌ನವರಿಗೆ ಕಷ್ಟ. ನೀನು ರಿಫ್ರೆಶರ್ ಕೋರ್ಸನ್ನೇ ಲೆಕ್ಕಕ್ಕೆ ಹಿಡ್ಕೋ. ಪೈಲಟ್ ಇನ್ ಕಮಾಂಡ್, ಅಂದ್ರೆ ವಿಮಾನದ ಹೊಣೆ ಹೊತ್ತೋನು, ಆಗಿ ಕಲಿಸೋವಾಗ ಥರ್ಡ್ ಕ್ಲಾಸ್ ಮೆಡಿಕಲ್ (ಆರೋಗ್ಯ ಸರ್ಟಿಫಿಕೇಟು) ಅಥವಾ ಅದರ ಬದಲಿಗೆ ಇರೋ ಸರಳ ಬೇಸಿಕ್‌ಮೆಡ್ ಇದ್ರೆ ಸಾಕು.

ನಿನ್ನ ಹೆಂಡತಿ ಮೇಘಾ ಕೇಳಿದ್ಲಲ್ಲ, ಶನಿವಾರ ಪೂರ್ತಿ ಅಲ್ಲೇ ಹೋಗಿಬಿಡುತ್ತಾ ಅಂತ. ನೋಡಮ್ಮ, ಎರಡು ಗಂಟೆಯ ಒಂದು ಪಾಠ ಅಂದ್ರೆ 20 ನಿಮಿಷ ಮಾತು, ವಿಮಾನ ಪರೀಕ್ಷೆ, ಇಂಜಿನ್ ಓಡೋದು 1.2 ಗಂಟೆ ಆಸುಪಾಸು, ಆಮೇಲೆ ಮತ್ತೆ ಮಾತು, ಲಾಗ್‌ಬುಕ್ಕು. ಬೆಳಿಗ್ಗೆ ಮೂರು ಪಾಠ ಹಾಕಿದ್ರೆ ಅಲ್ಲಿಗೆ ಆರು ಗಂಟೆ, ಓಡಾಟ ಬೇರೆ. ಮಧ್ಯಾಹ್ನದ ಮೇಲೆ ಅವನು ಮನೇಲಿರ್ಲಿ ಅಂತ ನೀವಿಬ್ಬರೂ ಈಗಲೇ ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಶಿಷ್ಯರು ಸೇರಿದ ಮೇಲೆ ಬಿಡಿಸಿಕೊಳ್ಳೋದು ಕಷ್ಟ.

ಸಂಬಳದ ಮಾತೂ ಇದರಲ್ಲೇ ಇದೆ ಚೇತು. ಇಂಜಿನ್ ಓಡಿದ ಸಮಯ ತೋರಿಸೋ ಹಾಬ್ಸ್ ಮೀಟರ್ ಓಡಿದ್ದಕ್ಕೆ ಮಾತ್ರ ಕೊಡ್ತೀವಿ ಅಂದ್ರೆ ಆರು ಗಂಟೆಗೆ ನಿನಗೆ ಸಿಗೋದು ಮೂರೂವರೆ ಗಂಟೆ ದುಡ್ಡು. ನೆಲದ ಪಾಠಕ್ಕೂ ಕೊಡ್ತೀರಾ, ಶಿಷ್ಯ ಹಿಂದಿನ ರಾತ್ರಿ ಕ್ಯಾನ್ಸಲ್ ಮಾಡಿದ್ರೆ ಏನು, ಹವಾಮಾನಕ್ಕೆ ನಿಂತ್ರೆ ನೆಲದ ಪಾಠಕ್ಕೆ ಬದಲಾಯಿಸಬಹುದಾ, ಈ ಮೂರನ್ನ ಸೇರೋಕೆ ಮುಂಚೆ ಕೇಳು. 1099 ಆದ್ರೆ 15.3% ಸೆಲ್ಫ್ ಎಂಪ್ಲಾಯ್‌ಮೆಂಟ್ ತೆರಿಗೆ ನಿನ್ನ ಕೈಯಿಂದ, ಮೂರು ತಿಂಗಳಿಗೊಮ್ಮೆ ಅಂದಾಜು ತೆರಿಗೆ ಕಟ್ಟೋದೂ ನಿನ್ನದೇ. ಸ್ಕೂಲ್ ಬಿಟ್ಟ ಮೇಲೆ ಅದೇ ಏರ್‌ಪೋರ್ಟಲ್ಲಿ ಕಲಿಸೋ ಹಾಗಿಲ್ಲ ಅನ್ನೋ ಷರತ್ತಿದೆಯಾ ಅಂತ ಕರಾರು ಪತ್ರ ಓದಿ ಸಹಿ ಹಾಕು.

ಕರೆದ್ರು ಅಂತಿಟ್ಕೋ, ಮೊದಲು ನಿನ್ನನ್ನ ಪರೀಕ್ಷಿಸೋ ಚೆಕ್-ಔಟ್ ಹಾರಾಟ ಇರುತ್ತೆ. ಅಲ್ಲಿ ಎಡವೋದು ಸಾಮಾನ್ಯವಾಗಿ ಒಂದೇ ಕಡೆ: ಬಲಗಡೆ ಸೀಟಿಂದ ಅಡ್ಡಗಾಳಿ ಲ್ಯಾಂಡಿಂಗ್, ಅದೂ ಬಾಯಲ್ಲಿ ವಿವರಿಸ್ತಾ. ಎಡಗಡೆ ಕೂತು ಅಭ್ಯಾಸ ಆಗಿರೋ ಕಣ್ಣಿಗೆ ಸೆಂಟರ್‌ಲೈನ್ ಬೇರೆ ಕಡೆ ಕಾಣುತ್ತೆ, ವಿಮಾನದ ಮೂತಿ ಓರೆಯಾಗೇ ನೆಲ ಮುಟ್ಟುತ್ತೆ, ಟೈರಿಗೆ ಪಕ್ಕದಿಂದ ಏಟು ಬೀಳುತ್ತೆ. ಪರೀಕ್ಷೆ ಪಾಸಾಗಿ ಎರಡು ಮೂರು ತಿಂಗಳಾಗಿದ್ರೆ, ಕೇಳೋಕೆ ಹೋಗೋ ಮುಂಚೆ ಬಲಗಡೆಯಿಂದ ಒಂದೆರಡು ಗಂಟೆ ಬರೀ ಲ್ಯಾಂಡಿಂಗ್ ಮಾಡಿಬಿಡು.

ಕಳಿಸಿದ ಇಮೇಲ್ ಬದಲಿಗೆ ಒಂದು ಹಾಳೆ ಮಾಡ್ಕೋ. ಮೇಲ್ಗಡೆ ವೇಳಾಪಟ್ಟಿ, ಅದರ ಕೆಳಗೆ ಸಿಎಫ್ಐ, ಸಿಎಫ್ಐಐ, ಯಾವ ಮಾದರಿಯಲ್ಲಿ ಎಷ್ಟು ಗಂಟೆ, ಯಾವ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ ಉಪಕರಣ) ಗೊತ್ತು, ಇನ್ಶೂರೆನ್ಸ್ ಇದೆ, ಫೋನ್ ನಂಬರು, ಅಷ್ಟೇ. ಮಾಡಿದ ಮೇಲೆ ಮೊದಲು ನನಗೆ ಕಳಿಸು, ಗಂಟೆಗಳ ಲೆಕ್ಕ ಒಂದ್ಸಲ ನೋಡಿ ಕೊಡ್ತೀನಿ.